ತಿರುಗಿ ಕಳಿಸಿದ ಹುಡುಗ

1993ರ ಜೂನ್ ತಿಂಗಳು. ನಾನು ಬಿ.ಎ., ಬಿ.ಎಡ್. ಮುಗಿಸಿ ಕಾಗವಾಡ ಸೀಮೆಯ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಗವಾಡ ಆಗ ಅಥಣಿ ತಾಲ್ಲೂಕಿನಲ್ಲಿತ್ತು. ಶಾಲೆ ಸುರುವಾಗಿ ಹೊಸ ಮಕ್ಕಳ ಹೆಸರು ಹಚ್ಚುವ ದಿನಗಳು. ಬೆಳಗಿನಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಮೇಜಿನ ಮುಂದೆ ತಂದೆ ತಾಯಂದಿರ ಸಾಲು, ಒದ್ದೆ ಕೊಡೆಗಳು, ಅಳುವ ಕೂಸುಗಳು. ಆ ಗದ್ದಲದಲ್ಲಿ ಒಬ್ಬ ಹೆಣ್ಣುಮಗಳು ಏಳು ವರ್ಷದ ಹುಡುಗನನ್ನು ಬಗಲಲ್ಲಿ ಎತ್ತಿಕೊಂಡು ಬಂದು ನಿಂತಳು. ಹುಡುಗನ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿದ್ದಿದ್ದವು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಾಯಿ ಸೆರಗಿನಿಂದ ಒರೆಸುತ್ತ,

"ಬಾಯಾರ, ಇವನ ಹೆಸರು ಹಚ್ಚಬೇಕಾಗಿತ್ರಿ" ಎಂದಳು.

"ನಡಿಯಾಕ ಬರತೈತೇನು?"

"ಹಿಡಕೊಂಡ್ರ ಬರತೈತ್ರಿ."

"ಮಾತು?"

"ನನಗ ತಿಳೀತಾವ್ರಿ."

ನಾನು ಪೆನ್ನು ಎತ್ತಲೇ ಇಲ್ಲ. "ಇಂಥಾ ಹುಡುಗ ನಮ್ಮ ಸಾಲಿಗೆ ಆಗೂದಿಲ್ಲವ್ವಾ. ಇಂಥವರ ಸಾಲಿ ಬ್ಯಾರೆ ಇರತಾವ, ಅಲ್ಲಿಗೆ ಕರಕೊಂಡು ಹೋಗು" ಎಂದೆ. ಬೈದು ಹೇಳಲಿಲ್ಲ, ಮೆತ್ತಗೇ ಹೇಳಿದೆ. ಆ ಬೇರೆ ಸಾಲಿ ಎಲ್ಲಿದೆ ಎಂದು ಆಕೆ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಆಕೆ ಕೇಳಲಿಲ್ಲ. "ಆತ್ರಿ" ಎಂದು ಹುಡುಗನ ತಲೆಯ ಮೇಲೆ ಸೆರಗು ಹೊದಿಸಿ ಮಳೆಯಲ್ಲಿ ಇಳಿದು ಹೋದಳು. ಇಷ್ಟೆಲ್ಲ ನಡೆಯಲು ಎರಡು ನಿಮಿಷ ಹಿಡಿದಿರಬಹುದು. ಮುಂದಿನವರನ್ನು ಕರೆದೆ. ಸಂಜೆಯ ಹೊತ್ತಿಗೆ ಮರೆತೂ ಬಿಟ್ಟೆ.

ಆ ಎರಡು ನಿಮಿಷ ನನಗೆ ಮತ್ತೆ ನೆನಪಾಗಲು ಒಂಬತ್ತು ವರ್ಷ ಬೇಕಾಯಿತು.

1996ರ ಆಗಸ್ಟಿನಲ್ಲಿ ನನಗೆ ಮಗಳು ಹುಟ್ಟಿದಳು. ಹೆರಿಗೆ ಬಹಳ ತಡವಾಯಿತು. ಹುಟ್ಟಿದ ಕೂಸು ಅಳಲಿಲ್ಲ. ಸೂಲಗಿತ್ತಿಯರ ಕಾಲದಿಂದಲೂ ಹೆಣ್ಣುಮಕ್ಕಳು ಕಿವಿಗೊಟ್ಟು ಕಾಯುವ ಆ ಮೊದಲ ಅಳು ಬರಲು ಹೊತ್ತು ಹಿಡಿಯಿತು. ಬಂದಾಗ ಎಲ್ಲರೂ ನಿಟ್ಟುಸಿರುಬಿಟ್ಟರು. ನಡೆಯಬೇಕಾದದ್ದು ಆಗಲೇ ನಡೆದುಹೋಗಿತ್ತೆಂದು ನಮಗೇನು ಗೊತ್ತು!

ನಾಲ್ಕು ತಿಂಗಳಾದರೂ ಕೂಸು ಕತ್ತು ನಿಲ್ಲಿಸಲಿಲ್ಲ. ಎಂಟು ತಿಂಗಳಾದರೂ ಕೂಡಲಿಲ್ಲ. ಕೈಮುಷ್ಟಿ ಸದಾ ಬಿಗಿದೇ ಇರುತ್ತಿತ್ತು. ಎರೆಯಲು ಕಾಲ ಮೇಲೆ ಹಾಕಿಕೊಂಡರೆ ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತಿತ್ತು. ಓಣಿಯ ಹಿರಿಯರು "ಹೆಣ್ಣುಕೂಸು, ಸ್ವಲ್ಪ ತಡಾ ಆಕ್ಕತಿ ಬಿಡು" ಎಂದರು. ಕೆಲವರು ದೃಷ್ಟಿ ತೆಗೆದರು, ಕೆಲವರು ಪೋಲಿಯೋ ಎಂದರು. ಆಗಿನ ಕಾಲಕ್ಕೆ ಕೈಕಾಲಿನ ಯಾವ ದೋಷಕ್ಕೂ ಜನರ ಬಾಯಲ್ಲಿದ್ದ ಹೆಸರು ಪೋಲಿಯೋ ಒಂದೇ. ನಮ್ಮ ದೇಶದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಣೆಯೂ ಆಯಿತು. ಪೋಲಿಯೋ ಹೋದರೂ ನನ್ನ ಮಗಳಂಥ ಮಕ್ಕಳು ಹುಟ್ಟುವುದು ನಿಂತಿಲ್ಲ. ಇದು ಬೇರೆಯದೇ ತೊಂದರೆ ಎಂದು ಜನಕ್ಕೆ ಇಂದಿಗೂ ಬಿಡಿಸಿ ಹೇಳಬೇಕಾಗುತ್ತದೆ.

ಕಾಗವಾಡದವರಿಗೆ ದೊಡ್ಡ ದವಾಖಾನೆಯೆಂದರೆ ಮಿರಜ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಕೃಷ್ಣೆಯ ಈಚೆ ದಂಡೆಯ ಕನ್ನಡಿಗರೂ ಬೇನೆ ಬಂದರೆ ಮಿರಜಿನ ಹಾದಿ ಹಿಡಿಯುತ್ತ ಬಂದಿದ್ದಾರೆ. ನಮ್ಮ ಜಿಲ್ಲಾ ಕೇಂದ್ರವಾದ ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ಮಿರಜ ಬೇರೆ ರಾಜ್ಯವಾದರೂ ಮ್ಹೈಸಾಳ ದಾಟಿದರೆ ಬಂದೇ ಬಿಡುತ್ತದೆ. ಅಲ್ಲಿನ ವೈದ್ಯರೊಬ್ಬರು ಮಗಳನ್ನು ಬಹಳ ಹೊತ್ತು ಪರೀಕ್ಷಿಸಿ 'ಸೆರೆಬ್ರಲ್ ಪಾಲ್ಸಿ' ಎಂದರು. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎನ್ನುತ್ತಾರೆ.

ಅವರು ಹೇಳಿದ್ದರ ಸಾರ ಇಷ್ಟು. ಸ್ನಾಯುಗಳಿಗೆ ಅಪ್ಪಣೆ ಕೊಡುವ ಮಿದುಳಿನ ಭಾಗಕ್ಕೆ, ಕೂಸು ಹೊಟ್ಟೆಯಲ್ಲಿದ್ದಾಗಲೋ, ಹುಟ್ಟುವಾಗಲೋ, ಹುಟ್ಟಿದ ಕೆಲಕಾಲದಲ್ಲೋ ಪೆಟ್ಟು ಬಿದ್ದಿರುತ್ತದೆ. ದಿನ ತುಂಬುವ ಮೊದಲೇ ಹುಟ್ಟುವುದು, ಉಸಿರು ಕಟ್ಟುವುದು, ಸೋಂಕು, ಹುಟ್ಟಿದ ಕೂಸಿಗೆ ವಿಪರೀತ ಕಾಮಾಲೆ, ಹೀಗೆ ಕಾರಣಗಳು ಹಲವು. ಬಿದ್ದ ಪೆಟ್ಟು ಬೆಳೆಯುವುದಿಲ್ಲ. ಆದರೆ ವ್ಯಾಯಾಮ ಬಿಟ್ಟರೆ ಸ್ನಾಯುಗಳ ಬಿಗಿತ ಹೆಚ್ಚಿ ಕೀಲುಗಳು ಮಡಚಿದಲ್ಲೇ ಕೂತುಬಿಡುತ್ತವೆ. ಔಷಧದಿಂದ ಗುಣವಾಗುವ ಬೇನೆ ಇದಲ್ಲ. ಕೊನೆಗೆ ಅವರೊಂದು ಮಾತು ಹೇಳಿದರು: "ಕೈಕಾಲು, ನಾಲಿಗೆ ಮಾತು ಕೇಳುವುದಿಲ್ಲ ಎಂದಮಾತ್ರಕ್ಕೆ ಬುದ್ಧಿ ಇಲ್ಲ ಎಂದು ತಿಳಿಯಬೇಡಿ. ಅದು ಬೇರೆ ಲೆಕ್ಕ."

ಈ ತೊಂದರೆಯನ್ನು ಮೊದಲು ವಿವರವಾಗಿ ಬಣ್ಣಿಸಿದವನು ವಿಲಿಯಂ ಲಿಟಲ್ ಎಂಬ ಇಂಗ್ಲಿಷ್ ವೈದ್ಯ, 1861ರ ಸುಮಾರಿಗೆ. ತಡವಾದ, ಕಷ್ಟದ ಹೆರಿಗೆಗೂ ಮಕ್ಕಳ ಈ ಬಿಗಿತಕ್ಕೂ ಸಂಬಂಧವಿದೆಯೆಂದು ಆತ ಹೇಳಿದ. ಆತನಿಗೇ ಬಾಲ್ಯದಲ್ಲಿ ಬಂದ ಬೇನೆಯಿಂದ ಒಂದು ಪಾದ ಸೊಟ್ಟಗಾಗಿತ್ತಂತೆ. ಅದನ್ನು ಓದಿದಾಗ, ತನ್ನ ನೋವಿನ ಬಾಗಿಲಿನಿಂದಲೇ ಬೇರೆಯವರ ನೋವಿನ ಮನೆಗೆ ಹೊಕ್ಕ ಮನುಷ್ಯ ಇವನು ಎನ್ನಿಸಿತು.

ಸುರುವಾಯಿತು ನಮ್ಮ ಮಿರಜ ಯಾತ್ರೆ. ವಾರಕ್ಕೆ ಎರಡು ಸಲ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದು, ವ್ಯಾಯಾಮ ಕಲಿತು ಬರುವುದು, ಉಳಿದ ದಿನ ಮನೆಯಲ್ಲಿ ಮಾಡಿಸುವುದು. ಮಾಸ್ತರಿಕೆ ಮಾಡುವವರಿಗೆ ಒಂದು ಚಟ ಇರುತ್ತದೆ. ಯಾವುದನ್ನಾದರೂ ಪಾಠದಂತೆ ಹಂಚಿಕೊಂಡು, ಇಷ್ಟು ದಿನದಲ್ಲಿ ಇಷ್ಟು ಮುಗಿಯಬೇಕು ಎಂದು ಗೆರೆ ಎಳೆಯುವುದು. ನಾನೂ ನೋಟುಬುಕ್ಕಿನಲ್ಲಿ ಗೆರೆ ಎಳೆದೆ. ದಸರೆಗೆ ಕೂಡಬೇಕು, ಯುಗಾದಿಗೆ ನಿಲ್ಲಬೇಕು. ದಸರೆ ಬಂತು, ಯುಗಾದಿ ಬಂತು, ಮಗಳು ಹಾಸಿಗೆಯ ಮೇಲೇ ಇದ್ದಳು. ಒಂದು ದಿನ ನಾನು ಅವಳ ಮೊಣಕಾಲನ್ನು ಜುಲುಮೆಯಿಂದ ಚಾಚಿಸುತ್ತಿದ್ದಾಗ, ವ್ಯಾಯಾಮ ಕಲಿಸುವ ಮರಾಠಿ ಹೆಣ್ಣುಮಗಳು ನನ್ನ ಕೈ ಹಿಡಿದು, "ಘಾಈ ಕರೂ ನಕಾ, ಬಾಈ" ಎಂದಳು. ಅವಸರ ಮಾಡಬೇಡಿ ಎಂದರ್ಥ. ನಮ್ಮ ಗಡಿಯ ಕನ್ನಡದಲ್ಲೂ ಅವಸರಕ್ಕೆ 'ಗಾಯಿ' ಎನ್ನುವ ರೂಢಿಯುಂಟು. ಬಿಗಿದ ಸ್ನಾಯುವನ್ನು ಜಗ್ಗಿದಷ್ಟೂ ಅದು ಇನ್ನಷ್ಟು ಬಿಗಿಯುತ್ತದೆ. ಮೆಲ್ಲಗೆ ಹಿಡಿದು ಕಾದರೆ ತಾನೇ ಸಡಿಲುತ್ತದೆ. ಇದು ಆಕೆ ಕಲಿಸಿದ ಮೊದಲ ಪಾಠ.

ಎರಡನೆಯ ಪಾಠ ಊಟದ್ದು. ನಾವೆಲ್ಲ ಕೂಸನ್ನು ತೊಡೆಯ ಮೇಲೆ ಅಂಗಾತ ಹಾಕಿ, ಮೂಗು ಹಿಡಿದು ಗುಟುಕು ಹಾಕುವವರು. ಇಂಥ ಮಕ್ಕಳಿಗೆ ಅದು ಪ್ರಾಣಕ್ಕೇ ಅಪಾಯ. ಅನ್ನ, ಗಂಜಿ ಶ್ವಾಸನಾಳಕ್ಕೆ ಇಳಿದು ಪುಪ್ಪುಸದ ಸೋಂಕು ಹತ್ತುತ್ತದೆ. ಬೆನ್ನು ನೆಟ್ಟಗೆ ಇರುವಂತೆ ಕೂಡಿಸಿ, ಗದ್ದ ತುಸು ಕೆಳಗೆ ಬಾಗಿರುವಂತೆ ನೋಡಿಕೊಂಡು, ಎದುರಿಗೆ ಕೂತು ಸಣ್ಣ ಸಣ್ಣ ತುತ್ತು ಕೊಡಬೇಕು. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಅರ್ಧ ರೊಟ್ಟಿ ತಿನ್ನಿಸಲು ಮುಕ್ಕಾಲು ತಾಸು. ಮಿರಜದಲ್ಲಿ ಕಾಗದದ ಮೇಲೆ ಬರೆದುಕೊಟ್ಟ ಚಿತ್ರ ನೋಡಿ ನಮ್ಮೂರ ಬಡಿಗೇರ ಒಬ್ಬರು ಮೂಲೆಯಾಕಾರದ ಬೆನ್ನಿರುವ ಒಂದು ಕುರ್ಚಿ ಮಾಡಿಕೊಟ್ಟರು. ಮುಂದೆ ಅರ್ಧಚಂದ್ರವಾಗಿ ಕೊರೆದ ಹಲಗೆ, ಕಾಲುಗಳ ನಡುವೆ ಒಂದು ಗೂಟ. ಅದರಲ್ಲಿ ಕೂತ ದಿನ ಮಗಳು ಮೊದಲ ಸಲ ನಮ್ಮ ಮನೆಯನ್ನು ನೆಟ್ಟಗೆ ನೋಡಿದಳು. ಅಲ್ಲಿಯವರೆಗೆ ಅವಳು ಕಂಡದ್ದು ತೊಲೆ, ಜಂತಿಗಳನ್ನೇ.

ಆದರೆ ನನ್ನ ಅವಸರ ಇಷ್ಟಕ್ಕೇ ಹೋಗಲಿಲ್ಲ. ಅದನ್ನು ಬಿಡಿಸಿದವರು ನಮ್ಮ ಅತ್ತೆ. ಸಾಲಿ ಮೆಟ್ಟಿಲು ಹತ್ತದ ಹೆಂಗಸು.

ಮಗಳಿಗೆ ಆಗ ನಾಲ್ಕು ವರ್ಷ. ಮಾತಿಲ್ಲ, ಬರಿಯ ದನಿ. ನಾನು ದಿನವೂ ಚಿತ್ರದ ಪುಸ್ತಕ ಹಿಡಿದು, "ಆಕಳ ಎಲ್ಲೈತಿ? ತೋರಸು... ಇಲ್ಲೈತಿ ನೋಡು" ಎನ್ನುತ್ತಿದ್ದೆ. ಉತ್ತರ ಬರುವುದಿಲ್ಲವೆಂದು ಮನಸ್ಸಿನೊಳಗೆ ತೀರ್ಮಾನ ಆಗಿಬಿಟ್ಟಿತ್ತು. ಒಂದು ಮಧ್ಯಾಹ್ನ ಅತ್ತೆ ಅವಳ ಕುರ್ಚಿಯ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. "ನಿಮ್ಮಪ್ಪ ಎಲ್ಲಿಗಿ ಹೋಗ್ಯಾನ? ಹೊಲಕ್ಕೋ, ಉಗಾರಕ್ಕೋ?" ಎಂದು ಕೇಳಿ, "ಇದು ಹೊಲ, ಇದು ಉಗಾರ" ಎಂದು ಎರಡೂ ಅಂಗೈಗಳನ್ನು ಮುಂದೆ ಚಾಚಿದರು. ಮನೆಯವರು ಅಂದು ಕಬ್ಬಿನ ಬಿಲ್ಲಿನ ಕೆಲಸಕ್ಕೆ ಉಗಾರದ ಸಕ್ಕರೆ ಕಾರಖಾನೆಗೆ ಹೋಗಿದ್ದರು. ಬೆಳಿಗ್ಗೆ ಹೊರಡುವಾಗ ಹಾಗೆಂದು ಹೇಳಿದ್ದೂ ನಿಜ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಕೈ ಚಾಚಿದವರು ಚಾಚಿಯೇ ಇದ್ದರು. ಮೊರದ ಜೋಳಕ್ಕೆ ಗುಬ್ಬಿ ಬಂತು, ಓಡಿಸಲಿಲ್ಲ. ಮಗಳ ಕತ್ತು ಒಮ್ಮೆ ಹಿಂದಕ್ಕೆ ಹೋಯಿತು, ಒಮ್ಮೆ ಎಡಕ್ಕೆ ಹೊರಳಿತು, ಕೈಗಳು ಎತ್ತೆತ್ತಲೋ ಹಾರಾಡಿದವು. ನಾನಾಗಿದ್ದರೆ ಅಷ್ಟರಲ್ಲಿ ನಾಲ್ಕು ಪ್ರಶ್ನೆ ಕೇಳಿ ನಾಲ್ಕಕ್ಕೂ ನಾನೇ ಉತ್ತರ ಹೇಳಿ ಮುಗಿಸಿರುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವಳ ಕಣ್ಣು ಬಲಗೈಯ ಮೇಲೆ ಬಂದು ನಿಂತಿತು. ಅದು ಉಗಾರದ ಕೈ. ಅತ್ತೆ ಕೈ ಅದಲು ಬದಲು ಮಾಡಿ ಮತ್ತೆ ಕೇಳಿದರು. ಮತ್ತೆ ಕಾದರು. ಕಣ್ಣು ಈ ಸಲ ಎಡಗೈಗೆ ಬಂತು. ಈಗ ಅದೇ ಉಗಾರ!

ನನ್ನ ಹಿಂದೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದು ಹೋಗಿತ್ತು.

ರಾತ್ರಿ ಅತ್ತೆ ಬೇಸರವಿಲ್ಲದೆ ಹೇಳಿದರು: "ಕೇಳಿದಾಕಿ ಕೂಡಬೇಕವ್ವಾ. ನೀ ಕೇಳತಿ, ಆಕಿ ಬಾಯಿ ತೆಗಿಯೂದ್ರಾಗ ನೀನ ಹೇಳಿಬಿಡತಿ." ಬಿ.ಎಡ್. ತರಬೇತಿಯಲ್ಲಿ ಪ್ರಶ್ನೆ ಕೇಳುವ ಕೌಶಲ್ಯಕ್ಕೆಂದೇ ಪಾಠವಿತ್ತು, ಅಂಕವೂ ಬಂದಿತ್ತು. ಕೇಳಿದ ಮೇಲೆ ಎಷ್ಟು ಹೊತ್ತು ಕೂಡಬೇಕೆಂಬುದನ್ನು ನಾನು ಅಲ್ಲಿ ಕಲಿತಿರಲಿಲ್ಲ.

2002ರಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಒಂದು ಶಾಲೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವಳು ಕಣ್ಣಿನಿಂದಲೇ ಹೌದು, ಇಲ್ಲ ಹೇಳುತ್ತಿದ್ದಳು. ಕಣ್ಣು ಮೇಲೆತ್ತಿದರೆ ಹೌದು, ಪಕ್ಕಕ್ಕೆ ಹೊರಳಿಸಿದರೆ ಇಲ್ಲ. ಅಕ್ಷರ ಗುರುತಿಸುತ್ತಿದ್ದಳು. ಇದನ್ನೆಲ್ಲ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಕೂತವರು ಮೆತ್ತಗೇ ಅಂದರು: "ನೀವೂ ಶಿಕ್ಷಕರು, ನಿಮಗ ಹೇಳಬೇಕೇನ್ರಿ? ಇಂಥಾ ಮಕ್ಕಳ ಸಾಲಿ ಬ್ಯಾರೆ ಇರತಾವಲ್ರೀ."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಮೊದಲು ಬಂದದ್ದು ಸಿಟ್ಟು. ಆಮೇಲೆ ಆ ಮಾತನ್ನು ಎಲ್ಲೋ ಕೇಳಿದ್ದೇನೆ ಎನ್ನಿಸಿತು. ಎಲ್ಲಿ ಎಂದು ನೆನಪಾದಾಗ ಕಾಲಲ್ಲಿ ಬಲವಿಲ್ಲದಂತಾಯಿತು. ಅದನ್ನು ನಾನೇ ಆಡಿದ್ದೆ. ಒದ್ದೆ ಸೆರಗು, ಕತ್ತರಿ ಕಾಲು, "ನನಗ ತಿಳೀತಾವ್ರಿ" ಎಂಬ ದನಿ, ಎಲ್ಲ ಒಮ್ಮೆಲೇ ಎದುರು ನಿಂತವು.

ಅಂಗವಿಕಲರ ಸಮಾನ ಅವಕಾಶಗಳ 1995ರ ಕಾಯ್ದೆ ಜಾರಿಗೆ ಬಂದದ್ದು 1996ರ ಫೆಬ್ರವರಿಯಲ್ಲಿ. ಅಂದರೆ ನನ್ನ ಮಗಳಿಗಿಂತ ಆರು ತಿಂಗಳಿಗೆ ದೊಡ್ಡದು. ಹದಿನೆಂಟು ವರ್ಷ ತುಂಬುವವರೆಗೆ ಇಂಥ ಮಕ್ಕಳಿಗೆ ಉಚಿತ ಶಿಕ್ಷಣ ದೊರಕಿಸಬೇಕೆಂದು ಅದು ಹೇಳಿತ್ತು. ನಾನು ಅದನ್ನು ಓದಿರಲಿಲ್ಲ. ಕಾಯ್ದೆಯ ಅಡಿಯಲ್ಲೇ ಕೆಲಸ ಮಾಡುವ ಶಿಕ್ಷಕಿಯೊಬ್ಬಳು ತನಗೆ ಪೆಟ್ಟು ಬೀಳುವವರೆಗೆ ಕಾಯ್ದೆ ಓದಿರಲಿಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂಬಯಿಯ ಮಿಥು ಅಲೂರ್ ಅವರ ವಿಷಯವೂ ತಿಳಿದದ್ದು ಆಮೇಲೆಯೇ. 1966ರಲ್ಲಿ ಹುಟ್ಟಿದ ಅವರ ಮಗಳು ಮಾಲಿನಿಗೆ ಇದೇ ತೊಂದರೆ. ಮಗಳಿಗೆ ತಕ್ಕ ಶಾಲೆ ಇಲ್ಲವೆಂದು ಕಂಡಾಗ ಆ ತಾಯಿ 1972ರಲ್ಲಿ ಮುಂಬಯಿಯಲ್ಲಿ ತಾವೇ ಒಂದು ಕೇಂದ್ರ ತೆರೆದರು. ಬೆಂಗಳೂರಿನಲ್ಲಿ ಇಂಥ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿದ್ದು 1982ರಲ್ಲಿ. ಮಾಲಿನಿ ಚಿಬ್ ಮುಂದೆ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದು, ಒಂದೇ ಕಿರುಬೆರಳಿನಿಂದ ಟೈಪು ಮಾಡಿ ಆತ್ಮಕಥೆ ಬರೆದರು. ಪುಸ್ತಕದ ಹೆಸರೂ 'ಒನ್ ಲಿಟಲ್ ಫಿಂಗರ್'. ಮುಂಬಯಿ, ಲಂಡನ್ನು ನಮಗೆ ದೂರದ ಮಾತು. ಆದರೆ ಒಂದು ಬೆರಳು ನಮ್ಮ ಮನೆಯಲ್ಲೂ ಇತ್ತು.

ಇನ್ನೊಂದು ಕನ್ನಡ ಶಾಲೆಯ ಹೆಡ್‌ಮಾಸ್ತರರು "ಬರಲಿ, ನೋಡೋಣು" ಎಂದರು. ಆ ಎರಡು ಶಬ್ದಕ್ಕೆ ನಾನು ಇಂದಿಗೂ ಋಣಿ. ಮಗಳ ಕುರ್ಚಿ ತರಗತಿಯ ಗೋಡೆಯ ಪಕ್ಕಕ್ಕೆ ಹೋಯಿತು. ಒಂದು ವಾರದಲ್ಲಿ ಓಣಿಯ ಮಕ್ಕಳಿಗೆಲ್ಲ ಅವಳ ಕಣ್ಣಿನ ಭಾಷೆ ಬಂತು. ದೊಡ್ಡವರಿಗೆ ಬರಲು ವರ್ಷ ಬೇಕಾಯಿತು.

ಬರೆಯಿಸುವುದೇ ಕಷ್ಟದ ಕೆಲಸ. ಕನ್ನಡದ ನಲವತ್ತೊಂಬತ್ತು ಅಕ್ಷರ, ಅದರ ಮೇಲೆ ಕಾಗುಣಿತ, ಕೆಳಗೆ ಒತ್ತು. ಇಷ್ಟನ್ನೂ ಕಣ್ಣಿನಿಂದ ಆರಿಸುವುದು ಹೇಗೆ? ಹಲಗೆಯ ಮೇಲೆ ವರ್ಣಮಾಲೆ ಬರೆದು ನೋಡುತ್ತ ಕೂತಾಗ, ದಾರಿ ಅದರಲ್ಲೇ ಇದೆಯೆಂದು ಕಂಡಿತು. ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ: ಐದು ಸಾಲು, ಸಾಲಿಗೆ ಐದು ಅಕ್ಷರ. ನಾಲಿಗೆ ಎಲ್ಲಿ ತಾಗುತ್ತದೆಂದು ನೋಡಿ ಹಿಂದಿನವರು ಜೋಡಿಸಿಟ್ಟ ಈ ಕ್ರಮ, ನಾಲಿಗೆಯೇ ಮಾತು ಕೇಳದ ಮಗುವಿನ ಕಣ್ಣಿಗೆ ಒದಗಿ ಬಂತು. ನಾನು ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತ ಹೋಗುವುದು, ಅವಳು ಕಣ್ಣೆತ್ತಿದಲ್ಲಿ ನಿಲ್ಲುವುದು. ಆಮೇಲೆ ಆ ಸಾಲಿನೊಳಗಿನ ಅಕ್ಷರ, ಆಮೇಲೆ ಕಾಗುಣಿತದ ಗುರುತು, ಒತ್ತಿದ್ದರೆ ಒತ್ತು. 'ಅಕ್ಕ' ಎಂದು ಬರೆಯಲು ನಾಲ್ಕಾರು ಆಯ್ಕೆ. ಒಂದು ವಾಕ್ಯಕ್ಕೆ ಅರ್ಧ ತಾಸು. ಅವಳ ಮೊದಲ ಪೂರ್ತಿ ವಾಕ್ಯ ಯಾವುದು ಗೊತ್ತೆ? "ಅಜ್ಜಿ ರೊಟ್ಟಿ ಚಲೋ, ನಿಂದು ದಪ್ಪ." ಅತ್ತೆ ಆ ಹಲಗೆಗೆ ಕುಂಕುಮ ಹಚ್ಚಿದರು.

ಮುಂದೆ ಬಲಗೈಯ ತೋರುಬೆರಳು ಸ್ವಲ್ಪ ಹತೋಟಿಗೆ ಬಂತು. ಎಸ್ಸೆಸ್ಸೆಲ್ಸಿಗೆ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಬರಹಗಾರ್ತಿಯಾಗಿ ಕೂತಳು, ಹೆಚ್ಚಿನ ವೇಳೆಯೂ ಸಿಕ್ಕಿತು. ಗಣಿತದಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಕಟ್ಟಿ, 2014ರಲ್ಲಿ ಪಾಸಾದಳು. ನಪಾಸಾದ ದಿನ ನನಗೆ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು. ಕನಿಕರದಿಂದ ಯಾರೂ ಪಾಸು ಮಾಡಲಿಲ್ಲವಲ್ಲ, ಎಲ್ಲರ ಮಕ್ಕಳಂತೆ ನನ್ನ ಮಗಳೂ ನಪಾಸಾದಳಲ್ಲ!

ಈ ನಡುವೆ ನಮ್ಮ ಮನೆಗೆ ಬೇರೆ ತಾಯಂದಿರು ಬರತೊಡಗಿದ್ದರು. ನಾನು ಕರೆದದ್ದಲ್ಲ. ಬಸ್ಸಿನಲ್ಲಿ ಮಗಳನ್ನು ಕಂಡವರು, ಕುರ್ಚಿ ಮಾಡಿದ ಬಡಿಗೇರರಿಂದ ಕೇಳಿದವರು. ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ನಾಲ್ಕೈದು ಜನ. ಶೇಡಬಾಳದಿಂದ, ಐನಾಪುರದಿಂದ, ನದಿ ದಂಡೆಯ ಹಳ್ಳಿಗಳಿಂದ. ನಾನು ವೈದ್ಯಳಲ್ಲ. ಊಟ ಮಾಡಿಸುವುದು, ಕೂಡಿಸುವುದು, ಯಾವ ಕಾಗದಕ್ಕೆ ಯಾವ ಕಚೇರಿ, ಇಷ್ಟು ಹೇಳಬಲ್ಲೆ. ಉಳಿದದ್ದಕ್ಕೆ ಮಿರಜಕ್ಕೋ ಬೆಳಗಾವಿಗೋ ಕಳಿಸುತ್ತಿದ್ದೆ.

ಈ ಸಹಾಯದಲ್ಲೂ ನಾನು ಎಡವಿದ್ದುಂಟು. ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಒಬ್ಬಾಕೆಗೆ ದಿನಕ್ಕೆ ಮೂರು ಸಲ, ಸಲಕ್ಕೆ ಅರ್ಧ ತಾಸು ಎಂದು ವ್ಯಾಯಾಮದ ಪಟ್ಟಿ ಬರೆದುಕೊಟ್ಟೆ. ಅಂದವಾದ ಅಕ್ಷರದಲ್ಲಿ ಕೆಂಪು ಶಾಯಿಯ ಗೆರೆ ಬೇರೆ. ಎರಡು ವಾರ ಬಂದಳು. ಪ್ರತಿ ಸಲ "ಮಾಡೀಯೇನವ್ವಾ?" ಎಂದು ಮಾಸ್ತರ್ತಿಯಂತೆ ಕೇಳಿದೆ. ಮೂರನೆಯ ವಾರದಿಂದ ಬರುವುದು ಬಿಟ್ಟಳು. ನಾನು ಹೇಳಿದ್ದೆಲ್ಲ ಸರಿಯಾಗಿತ್ತು. ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗುವ ಆಕೆಗೆ ಅದಕ್ಕೆ ಪುರುಸೊತ್ತಿರಲಿಲ್ಲ, ಅಷ್ಟೇ. ಕೇಳಿದಾಕೆ ಕೂಡಬೇಕೆಂಬ ಮಾತನ್ನು ಮಗಳ ವಿಷಯದಲ್ಲಿ ಕಲಿತಿದ್ದೆ, ಬೇರೆಯವರ ವಿಷಯದಲ್ಲಿ ಮರೆತಿದ್ದೆ. ಅಲ್ಲಿಂದ ಮುಂದೆ ಬಂದವರಿಗೆ ಮೊದಲು ಚಹಾ, ಆಮೇಲೆ "ನಿಮ್ಮ ದಿನ ಹೆಂಗ ಹೋಗತೈತಿ ಹೇಳ್ರಿ" ಎಂಬ ಒಂದು ಪ್ರಶ್ನೆ. ಎರೆಯುವಾಗ ಕಾಲು ಚಾಚಿಸುವುದು, ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿಸಿ ಕತ್ತೆತ್ತಿಸುವುದು, ಬಗಲಲ್ಲಿ ಎತ್ತಿಕೊಳ್ಳುವಾಗ ಕಾಲು ಅಗಲಿಸಿ ಎತ್ತಿಕೊಳ್ಳುವುದು, ಹೀಗೆ ಅವರ ಕೆಲಸದೊಳಗೇ ವ್ಯಾಯಾಮ ಹೊಂದಿಸಿದೆವು.

ಕಬ್ಬು ನುರಿಸುವ ಹಂಗಾಮಿನಲ್ಲಿ ಮರಾಠವಾಡದಿಂದ ಕಬ್ಬು ಕಡಿಯುವವರ ಗುಂಪುಗಳು ನಮ್ಮ ಕಡೆ ಬರುತ್ತವೆ. ಒಂದು ವರ್ಷ ಅವರ ಗುಡಿಸಲೊಂದರಲ್ಲಿ ಇಂಥದೇ ಮೂರು ವರ್ಷದ ಕೂಸನ್ನು ಕಂಡೆ. ತಾಯಿಗೆ ಎತ್ತಿ ಕೂಡಿಸಿ ಉಣ್ಣಿಸುವುದನ್ನು ತೋರಿಸಿಕೊಟ್ಟೆ. ಮುಂದಿನ ರವಿವಾರ ಹೋದಾಗ ಗುಡಿಸಲು ಇದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆ, ಬೂದಿ. ಹೊಲ ಮುಗಿದಿತ್ತು, ಗುಂಪು ಮುಂದಿನ ಊರಿಗೆ ಹೋಗಿತ್ತು. 2016ರ ಹೊಸ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮನೆಯಿಂದ ಹೊರಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಏರ್ಪಾಡೂ ಈಗ ಇದೆ. ಮನೆಯೇ ಇಲ್ಲದ ಕೂಸಿಗೆ ಯಾರು ಹೋಗಬೇಕು? ಆ ಕೂಸಿನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ನನ್ನ ತರಗತಿಯಲ್ಲೂ ಒಂದು ಬದಲಾವಣೆ ಆಯಿತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವ ರೂಢಿ ಮಾಡಿಕೊಂಡೆ. ಮೊದಲ ಮೂರು ಎಣಿಸುವುದರೊಳಗೆ ಕೈ ಎತ್ತುವವರು ಯಾವಾಗಲೂ ಅವರೇ ನಾಲ್ಕು ಮಂದಿ. ಏಳು, ಎಂಟಕ್ಕೆ ಬಂದಾಗ ಹಿಂದಿನ ಸಾಲಿನಿಂದ ಒಂದು ಕೈ ಅಂಜುತ್ತ ಮೇಲೇಳುತ್ತದೆ. ಆ ಕೈಯ ಮಕ್ಕಳಿಗೆ ಯಾವ ಪ್ರಮಾಣಪತ್ರವೂ ಇಲ್ಲ, ಯಾವ ವೈಕಲ್ಯವೂ ಇಲ್ಲ. ಅವರಿಗೆ ಬೇಕಾದದ್ದು ಇನ್ನೈದು ಕ್ಷಣ ಮಾತ್ರ.

ಇಷ್ಟೆಲ್ಲ ಮಾಡುತ್ತಿದ್ದರೂ ಆ ಹುಡುಗನನ್ನು ಹುಡುಕಲು ನಾನು ಹೋಗಿರಲಿಲ್ಲ. ಬೇರೆ ಮಕ್ಕಳಿಗೆ ಮಾಡಿದರೆ ಆ ಲೆಕ್ಕ ತೀರಬಹುದೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅಂಜಿಕೆ. ಹುಡುಕುವುದಕ್ಕೆ ಹೆಸರೂ ಗೊತ್ತಿರಲಿಲ್ಲ. ಸೇರಿಸಿಕೊಂಡ ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ದಾಖಲೆ ಪುಸ್ತಕದಲ್ಲಿ ನೂರು ವರ್ಷ ಇರುತ್ತವೆ. ತಿರುಗಿ ಕಳಿಸಿದವರ ಹೆಸರನ್ನು ಯಾವ ಶಾಲೆಯೂ ಬರೆದಿಟ್ಟುಕೊಳ್ಳುವುದಿಲ್ಲ.

2018ರ ಬೇಸಿಗೆಯಲ್ಲಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೊಬ್ಬರು ತಮ್ಮ ಪಟ್ಟಿ ಓದುತ್ತಿದ್ದಾಗ, ಆ ಸೀಮೆಯ ಮೂವತ್ತೆರಡು ವರ್ಷದ ಒಬ್ಬನ ಮಾತು ಬಂತು. ಸಾಲಿಗೆ ಹೋಗಿಲ್ಲ, ತಾಯಿ ಒಬ್ಬಳೇ. ಮಗಳು ತನ್ನ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ತೋರಿಸಿದಳು: "ಹೋಗೂಣು." ಅವಳಿಗೆ ಆ ಕಥೆಯನ್ನು ಬಹಳ ಹಿಂದೆಯೇ ಹೇಳಿದ್ದೆ.

ಮನೆಯ ಮುಂದೆ ಬೇಲಿಗೆ ಒರಗಿ ಆತ ಕೂತಿದ್ದ. ಸುತ್ತ ಆಡುಗಳು. ಕಾಲು ಹಾಗೆಯೇ ಕತ್ತರಿಯಾಗಿದ್ದವು. ಮೊಣಕಾಲು ಮಡಚಿದಲ್ಲೇ ಗಟ್ಟಿಯಾಗಿ ಹೋಗಿದ್ದವು. ತಾಯಿ ಹೊರಗೆ ಬಂದಳು. ತಲೆ ಬೆಳ್ಳಗಾಗಿತ್ತು. ನಾನು ಗುರುತು ಹೇಳುವ ಮೊದಲೇ, "ಸಾಲಿ ಬಾಯಾರಲ್ಲೇನ್ರಿ? ಕೂಡ್ರಿ" ಎಂದು ಕಂಬಳಿ ಹಾಸಿದಳು.

ಇಪ್ಪತ್ತೈದು ವರ್ಷ ಹೊತ್ತುಕೊಂಡು ಬಂದ ಮಾತನ್ನು ಹೇಳಿದೆ. ಅಂದು ತಿರುಗಿ ಕಳಿಸಬಾರದಿತ್ತು, ನನ್ನಿಂದ ತಪ್ಪಾಯಿತು ಎಂದೆ. ಆಕೆ ನನ್ನ ಮಗಳ ಗಾಲಿಕುರ್ಚಿಯನ್ನು, ಮಗಳನ್ನು, ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು ಸುಮ್ಮನಿದ್ದಳು. ನಾನೂ ಕಾದೆ.

"ನೆನಪೈತ್ರಿ. ಅವತ್ತ ಅಂವಗ ಹೊಸಾ ಅಂಗಿ ಹಾಕಿದ್ನಿ. ಮಳಿಯಾಗ ತೋದು ಹೋತು" ಎಂದಳು. ಅಷ್ಟೇ. ಪರವಾಗಿಲ್ಲ ಎಂದು ಹೇಳಲಿಲ್ಲ. ಬೈಯಲೂ ಇಲ್ಲ.

ಆಮೇಲೆ ಮಗನ ಕಡೆ ತಿರುಗಿ, "ಅಂವಗ ಎಣಸಾಕ ಬರೂದಿಲ್ರಿ. ಆದರ ಒಂದ ಆಡ ಕಡಿಮಿ ಆದ್ರ ಗೊತ್ತಾಕ್ಕತಿ. ಯಾವ ಆಡ ಅನ್ನೂದೂ ಗೊತ್ತಾಕ್ಕತಿ. ಒದರತಾನ" ಎಂದಳು. ಆಕೆ ಹೆಮ್ಮೆಯಿಂದಲೇ ಹೇಳಿದಳು. ನನ್ನ ಕರುಳು ಹಿಂಡಿತು. ಎಣಿಸಲು ಬಾರದೆಯೇ ಇಪ್ಪತ್ತು ಆಡುಗಳ ಲೆಕ್ಕ ಇಡುವ ತಲೆಗೆ ಎಣಿಕೆ ಕಲಿಸಿದ್ದರೆ!

"ಬಾಯಾರ, ಬಂದೀರಿ, ಒಂದ ಕೆಲಸಾ ಮಾಡಿಕೊಡ್ರಿ" ಎಂದು ಆಕೆ ಒಳಗಿನಿಂದ ಪ್ಲಾಸ್ಟಿಕ್ಕಿನ ಚೀಲ ತಂದಳು. ಮಾಸಾಶನ ಮೂರು ತಿಂಗಳಿನಿಂದ ಬಂದಿಲ್ಲ, ಯಾಕೆಂದು ಯಾರೂ ಹೇಳುತ್ತಿಲ್ಲ, ಅರ್ಜಿ ಬರೆಯಬೇಕು. ಕಾಗವಾಡವೇ ಆಗ ಹೊಸ ತಾಲ್ಲೂಕಾಗಿತ್ತು, ಅರ್ಜಿ ಹಿಡಿದು ಅಥಣಿಯವರೆಗೆ ಹೋಗುವ ತ್ರಾಸ ತಪ್ಪಿತ್ತು. ನಾನು ಪೆನ್ನು ತೆಗೆದೆ. ಈ ಸಲವಾದರೂ ಪೆನ್ನು ಎತ್ತಬೇಕಲ್ಲ. ಆದರೆ ಮಗಳು ದನಿ ಮಾಡಿ, ತಲೆ ಅಲ್ಲಾಡಿಸಿ, ಕಣ್ಣು ಪಕ್ಕಕ್ಕೆ ಹೊರಳಿಸಿದಳು. ಇಲ್ಲ. ಬ್ಯಾಡ. ತನ್ನ ಮೊಬೈಲನ್ನು ಮುಂದಿನ ಹಲಗೆಯ ಮೇಲೆ ಇಡಿಸಿಕೊಂಡಳು.

ಮಾನ್ಯ ತಹಶೀಲ್ದಾರರಿಗೆ, ಎಂದು ಸುರುವಾಯಿತು. ಬೆರಳು ಗಾಳಿಯಲ್ಲಿ ತೂರಾಡುತ್ತ ಬಂದು ಒಂದು ಅಕ್ಷರದ ಮೇಲೆ ಬೀಳುತ್ತಿತ್ತು. ತಪ್ಪಿದರೆ ಅಳಿಸಿ ಮತ್ತೆ. ನಾನು ಬರೆದಿದ್ದರೆ ಹತ್ತು ನಿಮಿಷದ ಕೆಲಸ. ಮಾಡಿನ ನೆರಳು ಅಂಗಳ ದಾಟಿ ಬೇಲಿಗೆ ಹೋಯಿತು. ಆತ ಆಡುಗಳ ನಡುವಿನಿಂದ ತೆವಳುತ್ತ ಬಂದು ಗಾಲಿಕುರ್ಚಿಯ ಪಕ್ಕ ಕೂತು, ಪ್ರತಿ ಅಕ್ಷರ ಪರದೆಯ ಮೇಲೆ ಮೂಡಿದಾಗಲೂ ಒಂದು ದನಿ ಮಾಡುತ್ತಿದ್ದ. ತಾಯಿ ಚಹಾ ತಂದಿಟ್ಟಳು. ನನ್ನ ಕೈ ಎರಡು ಸಲ ತಾನೇ ಮುಂದಕ್ಕೆ ಹೋಯಿತು. ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ.

ಅರ್ಜಿಯಲ್ಲಿ ಅರ್ಜಿದಾರನ ಹೆಸರು ಬರೆಯುವ ಜಾಗ ಬಂದಾಗ ಮಗಳು ತಲೆಯೆತ್ತಿ ಆತನನ್ನೇ ನೋಡಿದಳು. ತಾಯಿ ಹೇಳಲು ಬಾಯಿ ತೆರೆದಳು. ನಾನು ಆಕೆಯ ಕೈ ಮುಟ್ಟಿ, "ತಡೀರಿ" ಎಂದೆ. ಆತನ ಕತ್ತು ಹಿಂದಕ್ಕೆ ಹೋಯಿತು, ಗಂಟಲ ನರಗಳು ಉಬ್ಬಿದವು. ನಾವು ಮೂವರೂ ಕೂತು ಕಾದೆವು. ಆತ ತನ್ನ ಹೆಸರು ಹೇಳಿದ. ನನಗೂ ತಿಳಿಯಿತು.